ಶಾಲೆಯ ಬೀಗ, ಶಾಲೆಯ ಕೀ: ಯಾವುದು ಯಾರ ಕೈಯಲ್ಲಿ?

ನಾನು ಮುಖ್ಯಶಿಕ್ಷಕನಾಗಿ ಚಾರ್ಜ್ ತೆಗೆದುಕೊಂಡ ದಿನ ಹಿಂದಿನವರು ನನ್ನ ಕೈಗೆ ಒಂದು ಕೀ ಗೊಂಚಲು ಕೊಟ್ಟರು. ಎಣಿಸಿದರೆ 41 ಕೀ. ಶಾಲೆಯಲ್ಲಿದ್ದ ಬೀಗ 24. "ಉಳಿದವು ಯಾವುದಕ್ಕೆ ಸಾರ್?" ಅಂದೆ. "ಯಾವುದಕ್ಕಾದರೂ ಆಗುತ್ತೆ, ಇಟ್ಕೊಂಡಿರಿ" ಅಂದರು. ಸಂಜೆ ಒಂದೊಂದೇ ಬಾಗಿಲಿಗೆ ಹೋಗಿ ನೋಡಿದೆ. ಗೊಂಚಲಿನಲ್ಲಿ ಮೂರು ಬೀಗಕ್ಕೆ ಕೀಯೇ ಇರಲಿಲ್ಲ. ಒಂದು ಪಿ.ಟಿ. ಮೇಷ್ಟ್ರ ಬೈಕಿನ ಕೀ ಜೊತೆ ಓಡಾಡುತ್ತಿತ್ತು. ಒಂದು ಅಡುಗೆಯವರ ಸೆರಗಿನ ಗಂಟಿನಲ್ಲಿತ್ತು. ಮೂರನೆಯದು ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ, ಬೆಂಕಿಪೊಟ್ಟಣದ ಪಕ್ಕ ಮೊಳೆಗೆ ನೇತುಹಾಕಿತ್ತು. ಅದು ಮೇನ್ ಗೇಟಿನದು!

ಇಷ್ಟಾಗಿಯೂ ಆ ಶಾಲೆಯಲ್ಲಿ ಅಲ್ಲಿಯವರೆಗೆ ಕಳ್ಳತನ ಆಗಿರಲಿಲ್ಲ. ಕದಿಯೋಕೆ ಏನೂ ಇರಲಿಲ್ಲ, ಅದಕ್ಕೆ. ಈಗ ಹಾಗಲ್ಲ. ಕಂಪ್ಯೂಟರ್, ಯುಪಿಎಸ್ ಬ್ಯಾಟರಿ, ಸ್ಮಾರ್ಟ್ ಕ್ಲಾಸಿನ ಟಿವಿ, ಗ್ಯಾಸ್ ಸಿಲಿಂಡರ್, ಬಿಸಿಯೂಟದ ಅಕ್ಕಿ-ಎಣ್ಣೆ, ಕ್ಷೀರಭಾಗ್ಯದ ಹಾಲಿನ ಪುಡಿ, ಬೋರ್‌ವೆಲ್ಲಿನ ತಾಮ್ರದ ಕೇಬಲ್ ಎಲ್ಲ ಇದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಮಕ್ಕಳಿದ್ದಾರೆ. ವಾಚ್‌ಮನ್ ಇಲ್ಲದ, ಎಷ್ಟೋ ಕಡೆ ಜವಾನನೂ ಇಲ್ಲದ ನಮ್ಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಏನು ಮಾಡಬಹುದು ಅಂತ, ನಾನು ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸುತ್ತು ಹಾಕಿ

ಒಂದು ಶನಿವಾರ ಮಧ್ಯಾಹ್ನ ಸಾಕು. ಎಲ್ಲ ಕೀಗಳನ್ನೂ ಒಂದು ತಟ್ಟೆಗೆ ಸುರಿದುಕೊಳ್ಳಿ. ಜೊತೆಗೆ ಒಬ್ಬ ಸಹ ಶಿಕ್ಷಕರು, ಒಂದು ನೋಟ್‌ಬುಕ್ಕು, ಒಂದು ಪರ್ಮನೆಂಟ್ ಮಾರ್ಕರ್, ಸ್ವಲ್ಪ ಎಣ್ಣೆ. ಗೇಟಿನಿಂದ ಶುರುಮಾಡಿ ಬಲಗಡೆಯಿಂದ ಸುತ್ತಿಕೊಂಡು ಬನ್ನಿ. ಬಾಗಿಲು, ಬೀರು, ಸಂಪಿನ ಮುಚ್ಚಳ, ಮೀಟರ್ ಪೆಟ್ಟಿಗೆ, ಟೆರೇಸಿನ ಬಾಗಿಲು, ಶೌಚಾಲಯ, ಆಟದ ಸಾಮಾನಿನ ಟ್ರಂಕು ಯಾವುದನ್ನೂ ಬಿಡಬೇಡಿ. ಪ್ರತಿಯೊಂದಕ್ಕೂ ಒಂದು ನಂಬರ್ ಕೊಡಿ. ಬೀಗ ಇದೆಯಾ, ಕೀ ಎಷ್ಟಿವೆ, ಎಲ್ಲಿವೆ ಅಂತ ಬರೆದುಕೊಳ್ಳಿ.

ಇದೇ ಸುತ್ತಿನಲ್ಲಿ ಬೀಗವೇ ಬೇಡದ ಜಾಗಗಳೂ ಕಾಣುತ್ತವೆ. ಮುರಿದ ಬೆಂಚು ತುಂಬಿದ ಕೋಣೆಗೆ ಬೀಗ ಹಾಕಿ ಏನು ಉಪಯೋಗ? ಬೆಂಚು ಹೊರಗೆ ಹಾಕಿ, ನಿಯಮದಂತೆ ವಿಲೇವಾರಿ ಮಾಡಿ. ಬೀಗ ಕಡಿಮೆಯಾದಷ್ಟೂ ಲೆಕ್ಕ ಸುಲಭ.

ಯಾವ ಬೀಗಕ್ಕೂ ಆಗದೆ ಉಳಿದ ಕೀಗಳನ್ನು ಗೊಂಚಲಿನಿಂದ ತೆಗೆದುಬಿಡಿ. "ಇರಲಿ, ಯಾವಾಗಲಾದರೂ ಬೇಕಾಗುತ್ತೆ" ಅನ್ನುವ ಕೀ ಯಾವತ್ತೂ ಬೇಕಾಗುವುದಿಲ್ಲ. ಬೆಂಕಿ ಬಿದ್ದ ದಿನ ಸರಿಯಾದ ಕೀ ಹುಡುಕೋಕೆ ಅಡ್ಡ ಬರುವುದು ಮಾತ್ರ ಅದೇ.

ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಮೈಸೂರು ಕಡೆ 'ಬೀಗ' ಮತ್ತು 'ಬೀಗದ ಕೈ'. ಧಾರವಾಡ, ಬಾಗಲಕೋಟೆ ಕಡೆ 'ಕೀಲಿ' ಅಂದರೆ ಬೀಗ, 'ಕೀಲಿಕೈ' ಅಂದರೆ ಕೀ. ಆ ಕಡೆಯಿಂದ ವರ್ಗವಾಗಿ ಬಂದ ಮೇಡಂ ಒಬ್ಬರು "ಕೀಲಿ ಎಲ್ಲಿ ಅದ ರೀ?" ಅಂತ ಕೇಳಿದರೆ ನಮ್ಮ ಹುಡುಗ ಕೀ ತಂದು ಕೊಡುತ್ತಿದ್ದ. ಅವರು ಕೇಳಿದ್ದು ಬೀಗ. ನೋಟ್‌ಬುಕ್ಕಿನಲ್ಲಿ ಎಲ್ಲರಿಗೂ ಗೊತ್ತಾಗುವ ಒಂದೇ ಪದ ಬಳಸಿ. ನಾನು 'ಬೀಗ', 'ಕೀ' ಅಂತ ಇಟ್ಟುಕೊಂಡಿದ್ದೇನೆ.

ಬೀಗ ಒಳ್ಳೆಯದಿದ್ದರೆ ಸಾಲದು

ಬೀಗಕ್ಕೆ ಹೆಸರಾದ ಊರು ಅಂದರೆ ಉತ್ತರ ಪ್ರದೇಶದ ಅಲೀಗಢ, ತಮಿಳುನಾಡಿನ ದಿಂಡಿಗಲ್. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಕಂಪ್ಯೂಟರ್ ಕೋಣೆಗೆ ಎಷ್ಟೇ ದುಡ್ಡಿನ ಬೀಗ ಹಾಕಿದರೂ ಕಳ್ಳ ಬೀಗದ ತಂಟೆಗೆ ಬರುವುದಿಲ್ಲ. ಅವನು ನೋಡುವುದು ಆಲ್‌ಡ್ರಾಪನ್ನು (ಬೀಗ ಸಿಕ್ಕಿಸುವ ಉದ್ದನೆಯ ಅಗುಳಿ), ಕೊಂಡಿಯನ್ನು, ಬಾಗಿಲಿನ ಕೀಲನ್ನು. ನಮ್ಮ ಶಾಲೆಯಲ್ಲಿ ಒಮ್ಮೆ ಕಳ್ಳತನದ ಪ್ರಯತ್ನ ಆಯಿತು. ಬೆಳಿಗ್ಗೆ ನೋಡಿದರೆ ಬೀಗ ಹಾಕಿದ ಹಾಗೇ ಇದೆ, ಆಲ್‌ಡ್ರಾಪ್ ಸಮೇತ ನೆಲದ ಮೇಲೆ ಬಿದ್ದಿದೆ! ನಾಲ್ಕು ಚಿಕ್ಕ ಸ್ಕ್ರೂ ಬಿಚ್ಚಿದ್ದರು ಅಷ್ಟೇ. ಒಳಗಿನ ಗ್ರಿಲ್ ಬಾಗಿಲು ನಮ್ಮನ್ನು ಉಳಿಸಿತು.

ಹಾಗಾಗಿ ಬಡಗಿಯನ್ನು ಅಥವಾ ವೆಲ್ಡಿಂಗ್‌ನವರನ್ನು ಕರೆಸಿ ಇಷ್ಟು ಮಾಡಿಸಿ. ಆಲ್‌ಡ್ರಾಪಿಗೆ ಸ್ಕ್ರೂ ಬದಲು ಬಾಗಿಲಿನ ಆಚೆಯಿಂದ ಈಚೆಗೆ ಬರುವ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ. ಬಾಗಿಲಿನ ಕೀಲು ಹೊರಗಿದ್ದರೆ ಅದರ ಪಿನ್ನು ಎತ್ತೋಕೆ ಬಾರದ ಹಾಗೆ ಒಂದು ಚುಕ್ಕೆ ವೆಲ್ಡಿಂಗ್ ಸಾಕು. ಕಿಟಕಿಯ ಸರಳು ಮರದ ಚೌಕಟ್ಟಿನಲ್ಲಿ ಅಲ್ಲಾಡುತ್ತಿದೆಯಾ, ಕೈಯಿಂದ ಹಿಡಿದು ಜಗ್ಗಿ ನೋಡಿ. ಹಳೆಯ ಹೆಂಚಿನ ಕಟ್ಟಡವಾದರೆ ಬಾಗಿಲಿನ ಮಾತೇ ಬೇಡ, ಹೆಂಚು ತೆಗೆದು ಇಳಿಯುತ್ತಾರೆ. ಅಂಥ ಕೋಣೆಯಲ್ಲಿ ಟಿವಿ, ಕಂಪ್ಯೂಟರ್ ಇಡಲೇಬೇಡಿ. ಆರ್‌ಸಿಸಿ ಚಾವಣಿ ಇರುವ ಒಂದು ಕೋಣೆ ನೋಡಿ, ಬೆಲೆಬಾಳುವ ಸಾಮಾನನ್ನೆಲ್ಲ ಅದಕ್ಕೆ ಸೇರಿಸಿ.

ಬೀಗ ಕೊಳ್ಳುವಾಗ ಒಂದೇ ದಿನ ಒಂದೇ ಅಂಗಡಿಯಲ್ಲಿ ಅಗ್ಗದ ಬೀಗ ಒಂದು ಡಜನ್ ತಂದರೆ ಒಂದರ ಕೀ ಇನ್ನೊಂದಕ್ಕೆ ಬೀಳುವ ಸಾಧ್ಯತೆ ಇದೆ. ಅಂಗಡಿಯಲ್ಲೇ ಅದಲು ಬದಲು ಮಾಡಿ ಹಾಕಿ ನೋಡಿ. ಮುಖ್ಯ ಕೋಣೆಗಳಿಗೆ ಆರೇಳು ಲಿವರ್ (ಕೀ ತಿರುಗಿಸಿದಾಗ ಒಳಗೆ ಏಳುವ ಪಟ್ಟಿ) ಇರುವ ಬೀಗ ಕೊಳ್ಳಿ. ಪೊರಕೆ ಕೋಣೆಗೆ ಯಾವುದಾದರೂ ನಡೆಯುತ್ತೆ. ಎರಡು ಹೊಸ ಬೀಗ ಯಾವಾಗಲೂ ಬೀರುವಿನಲ್ಲಿ ಮೀಸಲು ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಂಬರ್ ಹಾಕಿ, ಹೆಸರು ಬೇಡ

ಕೀಗೆ 'ಕಂಪ್ಯೂಟರ್ ಕೋಣೆ' ಅಂತ ಚೀಟಿ ಕಟ್ಟುವುದು ನಮಗೆ ಅನುಕೂಲ. ಅದು ಸಂತೆಯಲ್ಲಿ ಬಿದ್ದು ಹೋದರೆ ಸಿಕ್ಕಿದವನಿಗೂ ಅಷ್ಟೇ ಅನುಕೂಲ. ಶಾಲೆಯ ಹೆಸರೂ ಬೇಡ, ಕೋಣೆಯ ಹೆಸರೂ ಬೇಡ. ಅಲ್ಯೂಮಿನಿಯಂ ಬಿಲ್ಲೆಗೆ ಬರೀ ನಂಬರ್ ಕೊರೆಸಿ. ಯಾವ ನಂಬರ್ ಯಾವ ಬಾಗಿಲು ಅನ್ನುವ ಪಟ್ಟಿ ನೋಟ್‌ಬುಕ್ಕಿನಲ್ಲಿ ಮಾತ್ರ ಇರಲಿ. ಆ ಪಟ್ಟಿಯನ್ನು ಕೀ ಪೆಟ್ಟಿಗೆಯ ಬಾಗಿಲಿಗೇ ಅಂಟಿಸಿದವರನ್ನೂ ನೋಡಿದ್ದೇನೆ.

ಕೀ ಪೆಟ್ಟಿಗೆಗೆ ದೊಡ್ಡ ಖರ್ಚಿಲ್ಲ. ಮರದ ಹಲಗೆಗೆ ಕೊಕ್ಕೆ ಹೊಡೆದು, ಮುಂದೆ ಬಾಗಿಲು ಇಡಿಸಿ, ಅದಕ್ಕೊಂದು ಬೀಗ ಹಾಕಿದರೆ ಆಯಿತು. ಪ್ರತಿ ಕೊಕ್ಕೆಯ ಕೆಳಗೂ ನಂಬರ್ ಬರೆಯಿರಿ. ಸಂಜೆ ಬಾಗಿಲು ತೆಗೆದು ಒಮ್ಮೆ ಕಣ್ಣಾಡಿಸಿದರೆ ಯಾವ ಕೊಕ್ಕೆ ಖಾಲಿ ಅಂತ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಗೊಂಚಲಿನಲ್ಲಿ ಒಂದು ಕೀ ಇಲ್ಲ ಅನ್ನುವುದು ಒಂದು ವಾರವಾದರೂ ಗೊತ್ತಾಗುವುದಿಲ್ಲ.

ಕೀ ಯಾರಿಗೆ?

ಕಷ್ಟ ಇರುವುದು ಇಲ್ಲಿ. ಇದು ಕಬ್ಬಿಣದ ವಿಷಯ ಅಲ್ಲ, ಮನುಷ್ಯರ ವಿಷಯ. ಕೀ ಪಡೆದವರು ಪುಸ್ತಕದಲ್ಲಿ ಸಹಿ ಮಾಡಬೇಕು ಅಂದ ತಕ್ಷಣ "ನನ್ನ ಮೇಲೆ ನಂಬಿಕೆ ಇಲ್ವಾ ಸಾರ್?" ಅನ್ನುವ ಮಾತು ಬಂದೇ ಬರುತ್ತದೆ. ನಾನು ಹೇಳುತ್ತಿದ್ದ ಉತ್ತರ ಒಂದೇ: "ನಾಳೆ ಏನಾದರೂ ಕಳೆದುಹೋದರೆ ಮೊದಲು ನಿಮ್ಮ ಹೆಸರು ಬರಬಾರದು ಅಂತಲೇ ಈ ಪುಸ್ತಕ." ಇದು ನಿಜವೂ ಹೌದು. ಲೆಕ್ಕ ಇಲ್ಲದ ಶಾಲೆಯಲ್ಲಿ ಕಳ್ಳತನ ಆದರೆ ಮೊದಲ ಅನುಮಾನ ಬೀಳುವುದು ಬಡವರ ಮೇಲೆ. ಅಂದರೆ ಅಡುಗೆಯವರು, ಕಸ ಗುಡಿಸುವವರು. ಕೀ ಪುಸ್ತಕ ಇದ್ದರೆ ಅವರು ತಲೆ ಎತ್ತಿಕೊಂಡು ಓಡಾಡಬಹುದು.

ಪುಸ್ತಕದಲ್ಲಿ ಆರು ಕಲಂ ಸಾಕು: ದಿನಾಂಕ, ಕೀ ನಂಬರ್, ಪಡೆದವರ ಹೆಸರು, ಪಡೆದ ಸಮಯ ಮತ್ತು ಸಹಿ, ವಾಪಸ್ ಕೊಟ್ಟ ಸಮಯ, ವಾಪಸ್ ಪಡೆದುಕೊಂಡವರ ಸಹಿ. ದಿನಾ ಒಯ್ದು ದಿನಾ ಕೊಡುವ ಕೀಗಳಿಗೆ ಇದು. ವರ್ಷವಿಡೀ ಒಬ್ಬರ ಬಳಿಯೇ ಇರುವ ಕೀಗೆ, ಉದಾಹರಣೆಗೆ ಲ್ಯಾಬ್ ನೋಡಿಕೊಳ್ಳುವ ವಿಜ್ಞಾನ ಶಿಕ್ಷಕರ ಕೀಗೆ, ಬೇರೆ ಪುಟ ಇಡಿ. ಜೂನ್‌ನಲ್ಲಿ ಸಹಿ ಮಾಡಿ ತೆಗೆದುಕೊಳ್ಳಲಿ, ಏಪ್ರಿಲ್‌ನಲ್ಲಿ ಸಹಿ ಮಾಡಿ ವಾಪಸ್ ಕೊಡಲಿ. ಇಂಥ ಕೀಗೂ ದಿನಾ ಸಹಿ ಮಾಡಿಸಿದರೆ ಎರಡನೇ ವಾರಕ್ಕೇ ಬೇಸರ ಬಂದು ಎಲ್ಲರೂ ಸುಮ್ನೆ ಗೀಚಲು ಶುರುಮಾಡುತ್ತಾರೆ. ಆಮೇಲೆ ಪುಸ್ತಕ ಇದ್ದೂ ಇಲ್ಲದ ಹಾಗೆ.

ಬಿಸಿಯೂಟದ ದಾಸ್ತಾನು ಕೋಣೆಯ ಕೀ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಡುಗೆ ಮನೆಯ ಕೀ ಮುಖ್ಯ ಅಡುಗೆಯವರ ಬಳಿ ಇರಲಿ, ಅವರು ಬೆಳಿಗ್ಗೆ ನಮಗಿಂತ ಮುಂಚೆ ಬರುತ್ತಾರೆ. ಆದರೆ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಇರುವ ಕೋಣೆಯ ಕೀ ಅಕ್ಷರ ದಾಸೋಹದ ಲೆಕ್ಕ ಬರೆಯುವ ಶಿಕ್ಷಕರ ಬಳಿ ಇರಬೇಕು. ತೂಕ ಮಾಡಿ ಕೊಡುವ ಹೊತ್ತಿಗೆ ತೆಗೆದು, ಮತ್ತೆ ಬೀಗ ಹಾಕಬೇಕು. ಎರಡೂ ಕೀ ಒಬ್ಬರಲ್ಲೇ ಇದ್ದರೆ ಚೀಲದಲ್ಲಿ ಒಂದು ಕೆ.ಜಿ. ಕಡಿಮೆಯಾದರೂ ಆ ಒಬ್ಬರೇ ಉತ್ತರ ಹೇಳಬೇಕಾಗುತ್ತದೆ. ಅದು ಅವರಿಗೇ ಒಳ್ಳೆಯದಲ್ಲ.

ಇನ್ನು ಮಕ್ಕಳು. ಶಾಲೆಯ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನಿಗೆ ಕೀ ಕೊಟ್ಟು, "ಬೆಳಿಗ್ಗೆ ಬೇಗ ಬಂದು ಬಾಗಿಲು ತೆಗಿಯಪ್ಪಾ" ಅನ್ನುವುದು ನಮ್ಮ ಹಳ್ಳಿ ಶಾಲೆಗಳ ಹಳೆಯ ರೂಢಿ. ನಾನೂ ಮೊದಲೆರಡು ವರ್ಷ ಹಾಗೇ ಮಾಡಿದ್ದೆ. ಬಿಟ್ಟುಬಿಡಿ. ದೊಡ್ಡವರು ಯಾರೂ ಇಲ್ಲದ ಕಟ್ಟಡದಲ್ಲಿ ಮೂವತ್ತು ಮಕ್ಕಳು ಮುಕ್ಕಾಲು ಗಂಟೆ ಇರುವುದು ಒಂದು ಭಯ. ಏನಾದರೂ ಕಳೆದರೆ ಆ ಹುಡುಗನಿಗೆ ಅಂಟುವ ಹೆಸರು ಇನ್ನೊಂದು. ಶಿಕ್ಷಕರಲ್ಲಿ ಯಾರು ಹತ್ತಿರದಲ್ಲಿದ್ದಾರೋ ಅವರಿಗೆ ಬೆಳಗಿನ ಪಾಳಿ ಹಾಕಿ. ಬಸ್ಸು ತಡವಾದ ದಿನಕ್ಕೆ ಎರಡನೇ ಹೆಸರೂ ಪಟ್ಟಿಯಲ್ಲಿ ಇರಲಿ.

ಎದುರಿನ ಅಂಗಡಿಯಿಂದ ಗೇಟಿನ ಕೀ ವಾಪಸ್ ಪಡೆಯೋಕೆ ನನಗೆ ಒಂದು ತಿಂಗಳು ಹಿಡಿಯಿತು. ಅಂಗಡಿಯವರಿಗೆ ಬೇಜಾರಾಯಿತು. ಬದಲಿಗೆ ನನ್ನ ಫೋನ್ ನಂಬರ್ ಕೊಟ್ಟು, "ರಾತ್ರಿ ಏನಾದ್ರೂ ಸದ್ದಾದರೆ ಒಂದು ಫೋನ್ ಮಾಡಿ ಅಣ್ಣಾ" ಅಂದೆ. ಕೀಗಿಂತ ಅದು ಜಾಸ್ತಿ ಉಪಯೋಗಕ್ಕೆ ಬಂತು.

ಎರಡನೇ ಕೀ ಮತ್ತು ಲಕೋಟೆ

ಹೊಸ ಬೀಗದ ಜೊತೆ ಎರಡೋ ಮೂರೋ ಕೀ ಬರುತ್ತವೆ. ಒಂದು ಕೊಕ್ಕೆಗೆ. ಇನ್ನೊಂದು ಲಕೋಟೆಗೆ. ಲಕೋಟೆ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಇಬ್ಬರು ಸಹಿ ಮಾಡಿ, ದಿನಾಂಕ ಹಾಕಿ, ಸಾಧ್ಯವಾದರೆ ಅರಗಿನ ಮುದ್ರೆಯನ್ನೂ ಒತ್ತಿ. ಈ ಲಕೋಟೆಗಳನ್ನು ಶಾಲೆಯ ಬೀರುವಿನಲ್ಲೇ ಇಟ್ಟರೆ ಆಫೀಸಿನ ಕೀ ಕಳೆದ ದಿನ ಎಲ್ಲವೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ಶಾಲೆಯ ಹೊರಗೆ ಇರಬೇಕು. ನಾವು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆದು, ಸದಸ್ಯರೊಬ್ಬರ ಮನೆಯಲ್ಲಿ ಇಟ್ಟಿದ್ದೆವು. ಮೂರು ತಿಂಗಳಿಗೊಮ್ಮೆ ಹೋಗಿ, ಮುದ್ರೆ ಹಾಗೇ ಇದೆಯಾ ಅಂತ ನೋಡಿ ಬರುವುದು ನನ್ನ ಕೆಲಸ. ಅವರ ಮನೆ ಕಾಫಿ ಚೆನ್ನಾಗಿರುತ್ತಿತ್ತು, ಅದು ಬೇರೆ ಮಾತು.

ಪೇಟೆಯಲ್ಲಿ ಡೂಪ್ಲಿಕೇಟ್ ಕೀ ಮಾಡಿಸುವ ಅಧಿಕಾರ ಒಬ್ಬರಿಗೇ ಇರಲಿ, ಅದು ಮುಖ್ಯಶಿಕ್ಷಕರಿಗೆ. ಮಾಡಿಸಿದ ದಿನವೇ ಪುಸ್ತಕದಲ್ಲಿ ಬರೆಯಿರಿ.

ಕೀ ಕಳೆದರೆ

ಹುಡುಕಲು ಒಂದು ದಿನ ಕೊಡಿ, ಆದರೆ ಬೀಗವನ್ನು ಅವತ್ತೇ ಬದಲಿಸಿ. ಮೀಸಲಿಟ್ಟ ಎರಡು ಹೊಸ ಬೀಗ ಇದಕ್ಕೇ. ಎರಡು ದಿನದ ಮೇಲೆ ಕೀ ಸಿಕ್ಕರೂ ಆ ಬೀಗವನ್ನು ಕಂಪ್ಯೂಟರ್ ಕೋಣೆಗೆ ಮತ್ತೆ ಹಾಕಬೇಡಿ. ಆ ಎರಡು ದಿನ ಕೀ ಎಲ್ಲಿತ್ತು ಅಂತ ಯಾರಿಗೆ ಗೊತ್ತು? ಅದನ್ನು ಪೊರಕೆ ಕೋಣೆಗೆ ಇಳಿಸಿ. ಬೀಗಗಳಿಗೂ ಹೀಗೆ ಬಡ್ತಿ, ಹಿಂಬಡ್ತಿ ಇರುತ್ತದೆ.

ಕಳೆದವರನ್ನು ಎಲ್ಲರ ಮುಂದೆ ಬಯ್ಯಬೇಡಿ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ, ಸುಮ್ನೆ ಪೇಟೆಗೆ ಹೋಗಿ ಇನ್ನೊಂದು ಕೀ ಮಾಡಿಸಿಕೊಂಡು ಬರುತ್ತಾರೆ. ಕಳೆದುಹೋದ ಕೀಗಿಂತ ಅಪಾಯ ಇದು.

ಬೀಗ ಹಾಕುವ ಮುಂಚೆ ಒಳಗೆ ಯಾರಿದ್ದಾರೆ?

ಸಂಜೆ ಬೀಗ ಹಾಕುವ ಕೆಲಸ ಅವಸರದ್ದು. ಬಸ್ಸಿಗೆ ಹೊತ್ತಾಗಿರುತ್ತದೆ. ಆದರೆ ಈ ಹತ್ತು ನಿಮಿಷವನ್ನು ಯಾರಿಗೂ ಬಿಟ್ಟುಕೊಡಬೇಡಿ. ಒಂದನೇ ಕ್ಲಾಸಿನ ಮಗು ಕೊನೆಯ ಬೆಂಚಿನ ಮೇಲೆ ನಿದ್ದೆ ಹೋಗಿರುತ್ತದೆ, ಬಾಗಿಲು ಹಾಕಿಕೊಂಡು ಎಲ್ಲರೂ ಹೋಗಿರುತ್ತಾರೆ. ಮನೆಯವರು ಕತ್ತಲಾದ ಮೇಲೆ ಹುಡುಕಿಕೊಂಡು ಬಂದು ಕಿಟಕಿಯಲ್ಲಿ ಇಣುಕಿದರೆ ಮಗು ಅಳುತ್ತಿರುತ್ತದೆ. ಇಂಥ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ನಾವು ಮಾಡಿಕೊಂಡ ಕ್ರಮ ಇದು. ಬೆಲ್ ಹೊಡೆದು ಹದಿನೈದು ನಿಮಿಷದವರೆಗೆ ಯಾವ ಕೋಣೆಗೂ ಬೀಗ ಇಲ್ಲ. ಆಮೇಲೆ ಒಬ್ಬರು ಪ್ರತಿ ಕೋಣೆಯ ಒಳಗೆ ಕಾಲಿಡಬೇಕು, ಬಾಗಿಲಲ್ಲಿ ನಿಂತು ನೋಡಿದರೆ ಸಾಲದು. ಬೆಂಚಿನ ಕೆಳಗೆ, ಬಾಗಿಲಿನ ಹಿಂದೆ, ಬೀರುವಿನ ಸಂದಿಯಲ್ಲಿ ನೋಡಬೇಕು. ಶೌಚಾಲಯದ ಪ್ರತಿ ಬಾಗಿಲನ್ನೂ ತಳ್ಳಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೇಡಂ ಹೋಗಬೇಕು. "ಯಾರಾದ್ರೂ ಇದ್ದೀರೇನ್ರೋ?" ಅಂತ ಜೋರಾಗಿ ಕೂಗಿ, ಒಂದು ಕ್ಷಣ ನಿಂತು ಕಿವಿಗೊಟ್ಟು, ಆಮೇಲೆ ಬೀಗ ಹಾಕಬೇಕು. ಫ್ಯಾನು, ಲೈಟು, ನಲ್ಲಿ, ಗ್ಯಾಸ್ ರೆಗ್ಯುಲೇಟರ್ ಎಲ್ಲ ಈ ಸುತ್ತಿನಲ್ಲೇ ಮುಗಿಯುತ್ತವೆ. ಹೊರಗೆ ಬಂದು ಬೀಗವನ್ನು ಒಮ್ಮೆ ಎಳೆದು ನೋಡಿ. ಹಾಕಿದ್ದೇವೆ ಅಂದುಕೊಂಡು ಬಂದ ಬೀಗ ಬರೀ ತೂಗಾಡುತ್ತಿರುವುದು ಉಂಟು.

ಇದರ ಇನ್ನೊಂದು ಮುಖ, ಮಕ್ಕಳು ಒಳಗಿರುವಾಗ ಹೊರಗಿನಿಂದ ಬೀಗ ಹಾಕುವುದು. ಹುಡುಗರು ಓಡಿಹೋಗುತ್ತಾರೆ ಅಂತ ಚಾನೆಲ್ ಗೇಟಿಗೆ ಬೀಗ ಹಾಕಿ, ಕೀಯನ್ನು ಜೇಬಿಗೆ ಹಾಕಿಕೊಂಡು ಬ್ಯಾಂಕಿಗೆ ಹೋದವರನ್ನು ನಾನು ಬಲ್ಲೆ. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿ ಬಿದ್ದು 59 ಜನ ಸತ್ತರು. ಬೆಂಕಿಗಿಂತ ಹೊಗೆ, ಹೊರಗೆ ಹೋಗೋಕೆ ದಾರಿ ಇಲ್ಲದ ಬಾಲ್ಕನಿ ಅವರನ್ನು ಕೊಂದವು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆ ಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಆ ದುರಂತದ ನಂತರದ ಪ್ರಕರಣದಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ, ಸಿಬ್ಬಂದಿಗೆ ತರಬೇತಿ ಇರಬೇಕು ಅಂತ ಆದೇಶ ಮಾಡಿತು.

ಶಾಲೆ ನಡೆಯುವ ಹೊತ್ತಿನಲ್ಲಿ ಮಕ್ಕಳು ಇರುವ ಯಾವ ಕೋಣೆಗೂ, ಯಾವ ಮೆಟ್ಟಿಲಿಗೂ ಬೀಗ ಇರಬಾರದು. ಚಿಲಕ ಇರಲಿ, ಬೀಗ ಬೇಡ. ಮೇನ್ ಗೇಟಿಗೆ ಬೀಗ ಹಾಕಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ, ಅದರ ಕೀ ಗೇಟಿನ ಬಳಿ ಇರುವ ದೊಡ್ಡವರ ಕೈಯಲ್ಲೇ ಇರಬೇಕು. ಇನ್ನೊಂದು ಆಫೀಸಿನ ಗೋಡೆಯ ಮೇಲೆ ಕೆಂಪು ಕೊಕ್ಕೆಯಲ್ಲಿ ಇರಬೇಕು. ಇದೊಂದು ಕೀಗೆ ಸಹಿ ಬೇಡ, ಪುಸ್ತಕ ಬೇಡ. ತಿಂಗಳಿಗೊಮ್ಮೆ ಬೆಲ್ ಹೊಡೆದು ಎಲ್ಲರನ್ನೂ ಮೈದಾನಕ್ಕೆ ಕರೆಸಿ ನೋಡಿ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಆಮೇಲೆ ಅದು ಹುಸಿ ಅಂತ ಗೊತ್ತಾಯಿತು. ಆದರೆ ಆ ಬೆಳಿಗ್ಗೆ ಸಾವಿರಾರು ಮಕ್ಕಳನ್ನು ಹೊರಗೆ ತರಬೇಕಾಗಿ ಬಂದದ್ದು ಹುಸಿ ಅಲ್ಲ.

ಗೇಟು, ದಿಡ್ಡಿ ಬಾಗಿಲು, ನೀರಿನ ಟ್ಯಾಂಕು

ಶಾಲೆಗೆ ಕಾಂಪೌಂಡ್ ಅಥವಾ ಬೇಲಿ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಇಲ್ಲದಿದ್ದರೆ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಡುವಾಗ ಇದನ್ನು ಬರೆಯಿರಿ. ದೊಡ್ಡ ಗೇಟು ಗಾಡಿಗೆ ಮಾತ್ರ ಇರಲಿ. ಜನಕ್ಕೆ ಪಕ್ಕದಲ್ಲಿ ಒಬ್ಬರೇ ನುಸುಳುವಷ್ಟು ದಿಡ್ಡಿ ಬಾಗಿಲು ಇಡಿಸಿ. ಬಂದವರು ನೇರ ಆಫೀಸಿಗೆ ಬಂದು ಪುಸ್ತಕದಲ್ಲಿ ಹೆಸರು ಬರೆದ ಮೇಲೆಯೇ ಮುಂದೆ ಹೋಗಬೇಕು. ಪೋಷಕರಾಗಲಿ, ಪೇಂಟರ್ ಆಗಲಿ, ಪುಸ್ತಕ ಮಾರುವವರಾಗಲಿ ಕ್ಲಾಸಿನ ಬಾಗಿಲಿಗೆ ನೇರ ಹೋಗಬಾರದು.

ಮಧ್ಯಾಹ್ನ ಮಗುವನ್ನು ಕರೆದುಕೊಂಡು ಹೋಗಲು ಯಾರಾದರೂ ಬಂದರೆ? "ನಾನು ಇವಳ ಮಾವ" ಅಂದರೆ ಸಾಲದು. ದಾಖಲಾತಿಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ತಂದೆ ತಾಯಿಯನ್ನು ಕೇಳಿ. ಬಂದವರು ಕೊಟ್ಟ ನಂಬರಿಗೆ ಮಾಡಬೇಡಿ. ಮಗುವನ್ನೂ ಕೇಳಿ. ಮಗು ಹಿಂಜರಿದರೆ ಕಳಿಸಬೇಡಿ, ಬಂದವರಿಗೆ ಬೇಜಾರಾದರೆ ಆಗಲಿ.

ಬಳಸದ ಕೋಣೆಗಳಿಗೆ ಹಗಲು ಹೊತ್ತಿನಲ್ಲೂ ಬೀಗ ಇರಲಿ. ಕಾರಣ ಸಾಮಾನು ಅಲ್ಲ, ಮಕ್ಕಳ ಸುರಕ್ಷತೆ. ಖಾಲಿ ಕೋಣೆ, ಟೆರೇಸ್, ಹಿತ್ತಲಿನ ಶೆಡ್ಡು ಇಂಥ ಕಣ್ಣು ಬೀಳದ ಜಾಗಗಳನ್ನು ಕಡಿಮೆ ಮಾಡಿದಷ್ಟೂ ಒಳ್ಳೆಯದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಶಾಲೆಯ ಮರ್ಯಾದೆ ಅಂತ ಒಳಗೇ ಮುಗಿಸುವ ಮಾತೇ ಇಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಹಾಯದ 112 ಎರಡನ್ನೂ ಮಕ್ಕಳಿಗೆ ಕಾಣುವ ಹಾಗೆ ಗೋಡೆಯ ಮೇಲೆ ಬರೆಸಿ.

ಸಿಸಿ ಕ್ಯಾಮೆರಾ ಇದ್ದರೆ ಒಳ್ಳೆಯದು. ಆದರೆ ಅದರ ರೆಕಾರ್ಡರ್ ಪೆಟ್ಟಿಗೆಯನ್ನು ಟಿವಿ ಪಕ್ಕ ಇಡಬೇಡಿ, ಕಳ್ಳರು ಅದನ್ನೇ ಮೊದಲು ಹೊತ್ತುಕೊಂಡು ಹೋಗುತ್ತಾರೆ. ಬೇರೆ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿ. ವಾರಕ್ಕೊಮ್ಮೆ ಹಿಂದಿನ ದಿನದ ದೃಶ್ಯ ತೆಗೆದು ನೋಡಿ, ರೆಕಾರ್ಡ್ ಆಗುತ್ತಿದೆಯಾ ಅಂತ.

ನೀರಿನ ಟ್ಯಾಂಕಿನ ಬೀಗವನ್ನು ಮರೆಯುವವರೇ ಜಾಸ್ತಿ. 2025ರ ಜುಲೈನಲ್ಲಿ ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯ ಸರ್ಕಾರಿ ಶಾಲೆಯಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ಕೀಟನಾಶಕ ಬೆರೆಸಿದ್ದರು. ನೀರು ಕುಡಿದ ಮಕ್ಕಳು ಆಸ್ಪತ್ರೆ ಸೇರಿದರು, ಪುಣ್ಯಕ್ಕೆ ಚೇತರಿಸಿಕೊಂಡರು. ಹತ್ತಿರದ ಅಂಗಡಿಯಲ್ಲಿ ಸಿಗುವ ಒಂದು ಬೀಗ, ಮುಚ್ಚಳಕ್ಕೊಂದು ಕೊಂಡಿ ಇದ್ದರೆ ಸಾಕಾಗುವ ಕೆಲಸ. ಟ್ಯಾಂಕಿನ ಏಣಿಗೂ, ಸಂಪಿನ ಮುಚ್ಚಳಕ್ಕೂ ಬೀಗ ಹಾಕಿ. ಸೋಮವಾರ ಬೆಳಿಗ್ಗೆ ಮೊದಲ ಬಿಂದಿಗೆ ನೀರನ್ನು ದೊಡ್ಡವರು ಮೂಸಿ ನೋಡಿ, ಬಣ್ಣ ನೋಡಿ, ಆಮೇಲೆ ಅಡುಗೆಗೆ ಕೊಡಿ.

ಪರೀಕ್ಷೆ, ಚುನಾವಣೆ, ರಜೆ

ಪರೀಕ್ಷಾ ಕೇಂದ್ರವಾದರೆ ಖಜಾನೆಯವರ ಜೋಡಿ ಬೀಗದ ಪದ್ಧತಿ ಕಲಿಯಿರಿ. ಒಂದೇ ಬೀರುವಿಗೆ ಎರಡು ಬೀಗ, ಎರಡು ಕೀ, ಇಬ್ಬರ ಬಳಿ. ಇಬ್ಬರೂ ಇದ್ದರೆ ಮಾತ್ರ ತೆರೆಯುತ್ತದೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯ ಜವಾಬ್ದಾರಿಗೆ ಕಸ್ಟೋಡಿಯನ್ ಇರುತ್ತಾರೆ. ಆದರೆ ಖಾಲಿ ಉತ್ತರ ಪತ್ರಿಕೆ, ಶಾಲೆಯ ಸೀಲು, ಟಿ.ಸಿ. ಪುಸ್ತಕ ನಮ್ಮ ಜವಾಬ್ದಾರಿ. ಇವನ್ನು ಜೋಡಿ ಬೀಗದಲ್ಲಿ ಇಡಿ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿ, ಮರುಪರೀಕ್ಷೆಯೂ ಮುಂದೆ ಹೋಗಿ, ಮಕ್ಕಳು ಮೂರನೇ ಸಲ ಗೊತ್ತುಮಾಡಿದ ದಿನ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಆ ಮಕ್ಕಳ ಮುಖ ನೆನೆದರೆ ಎರಡು ಕೀಯ ತಾಪತ್ರಯ ದೊಡ್ಡದಲ್ಲ.

ಚುನಾವಣೆಗೆ ಶಾಲೆ ಮತಗಟ್ಟೆ ಆಗುತ್ತದೆ. ಕೇಳಿದ ಕೋಣೆಯ ಕೀ ಮಾತ್ರ ಕೊಡಿ, ಗೊಂಚಲು ಕೊಡಬೇಡಿ. ಕೊಡುವ ಮುಂಚೆ ಕೋಣೆಯ ನಾಲ್ಕೂ ಗೋಡೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪಡೆದವರಿಂದ ಸಹಿ ಹಾಕಿಸಿ. ಮರುದಿನ ಗೋಡೆ ತುಂಬ ಅಂಟು ಕಾಗದ ಇರುತ್ತದೆ, ಅದಕ್ಕೆ ಏನೂ ಮಾಡೋಕಾಗಲ್ಲ.

ಮದುವೆಗೆ ಶಾಲೆ ಕೇಳುತ್ತಾರೆ. ಎಸ್‌ಡಿಎಂಸಿ ಒಪ್ಪಿಗೆ ಇಲ್ಲದೆ ಕೊಡಬೇಡಿ. ರಾತ್ರಿ ಜಗಲಿಯಲ್ಲಿ ಕೂತು ಕುಡಿಯುವವರ ಕಾಟ ಇದಕ್ಕಿಂತ ದೊಡ್ಡದು. ಸೋಮವಾರ ಬೆಳಿಗ್ಗೆ ಬಾಟಲಿ ಆರಿಸಿದ ಮೇಷ್ಟ್ರು ನಾನೊಬ್ಬನೇ ಅಲ್ಲ ಅಂತ ಗೊತ್ತು. ಬೋರ್ಡು ಬರೆಸಿದರೆ ಅದರ ಕೆಳಗೇ ಕೂರುತ್ತಾರೆ. ನಮ್ಮಲ್ಲಿ ಕೆಲಸ ಮಾಡಿದ್ದು ಎರಡು: ಜಗಲಿಗೆ ರಾತ್ರಿಯಿಡೀ ಉರಿಯುವ ಒಂದು ಎಲ್‌ಇಡಿ ಬಲ್ಬು, ಮತ್ತು ಬೀಟ್ ಪೊಲೀಸರ ಸುತ್ತಿನಲ್ಲಿ ಶಾಲೆಯ ಹೆಸರು ಸೇರಿಸಿದ್ದು. ಠಾಣೆಗೆ ಎಸ್‌ಡಿಎಂಸಿ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ.

ಬೇಸಿಗೆ ರಜೆ, ದಸರಾ ರಜೆಗೆ ಶಾಲೆ ಖಾಲಿ ಅಂತ ಊರಿಗೇ ಗೊತ್ತಿರುತ್ತದೆ. ರಜೆಗೆ ಮುಂಚೆ ಠಾಣೆಗೆ ಮತ್ತೊಂದು ಪತ್ರ ಕೊಡಿ. ಉಳಿದ ಅಕ್ಕಿ-ಬೇಳೆಯ ತೂಕ ಬರೆದು ಸಹಿ ಮಾಡಿ. ಸಿಲಿಂಡರ್‌ಗಳನ್ನು ಗಾಳಿಯಾಡುವ, ಬೀಗ ಇರುವ ಜಾಗಕ್ಕೆ ಸೇರಿಸಿ. ವಾರಕ್ಕೆ ಎರಡು ಸಲ ಯಾರು ಬಂದು ಸುತ್ತು ಹಾಕುತ್ತಾರೆ ಅಂತ ಪಟ್ಟಿ ಮಾಡಿ. ಪ್ರತಿ ವಾರವೂ ಅದೇ ದಿನ, ಅದೇ ಹೊತ್ತು ಬೇಡ. ಕಳ್ಳರ ಜೊತೆ ಬೇರೆ ಅತಿಥಿಗಳೂ ಬರುತ್ತಾರೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಶಾಲೆಗೆ ಚಿರತೆ ನುಗ್ಗಿತ್ತು. ಅವತ್ತು ಭಾನುವಾರ, ಮಕ್ಕಳಿರಲಿಲ್ಲ. ಮಲೆನಾಡಿನ ಶಾಲೆಯವರು ರಜೆ ಮುಗಿದ ದಿನ ಬಾಗಿಲು ತೆಗೆದು ಮೊದಲು ಹಾವು ನೋಡುತ್ತಾರೆ, ಆಮೇಲೆ ಹಾಜರಿ ಪುಸ್ತಕ.

ಆದರೂ ಕಳ್ಳತನ ಆದರೆ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ಹಾಕಲೇಬೇಕು, ಆದರೆ ಪೊಲೀಸರು ಬರುವವರೆಗೆ ಹಾಕಬೇಡಿ! ಒಳಗೆ ಹೋಗಬೇಡಿ, ಗುಡಿಸಬೇಡಿ, ಮುರಿದ ಬೀಗ ಮುಟ್ಟಬೇಡಿ, ಮಕ್ಕಳನ್ನು ಬೇರೆ ಕಡೆ ಕೂರಿಸಿ. 112ಕ್ಕೆ ಫೋನ್ ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ತಿಳಿಸಿ, ಬರವಣಿಗೆಯಲ್ಲಿ ದೂರು ಕೊಡಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಕಳೆದ ಸಾಮಾನನ್ನು ದಾಸ್ತಾನು ವಹಿಯಲ್ಲಿ ತೋರಿಸಲು ಅದು ಬೇಕೇ ಬೇಕು.

ಪೊಲೀಸರು ಮೊದಲು ಕೇಳುವುದು ಸೀರಿಯಲ್ ನಂಬರ್. ಬಹಳ ಶಾಲೆಗಳಲ್ಲಿ 'ಕಂಪ್ಯೂಟರ್ 5' ಅಂತ ಮಾತ್ರ ಬರೆದಿರುತ್ತಾರೆ. ಇವತ್ತೇ ಪ್ರತಿ ಮಾನಿಟರ್, ಟಿವಿ, ಬ್ಯಾಟರಿಯ ಹಿಂದಿನ ನಂಬರನ್ನು ಫೋಟೊ ತೆಗೆದು ಇಟ್ಟುಕೊಳ್ಳಿ. ಬ್ಯಾಟರಿಯ ಮೇಲೆ ಅಳಿಸದ ಬಣ್ಣದಲ್ಲಿ ಶಾಲೆಯ ಹೆಸರು ಬರೆಸಿ. ಹೆಸರು ಇರುವ ಬ್ಯಾಟರಿಯನ್ನು ಗುಜರಿಯವರೂ ಮುಟ್ಟೋಕೆ ಹೆದರುತ್ತಾರೆ.

ಚಾರ್ಜ್ ಕೊಡುವ ದಿನ

ಕೌನ್ಸೆಲಿಂಗ್ ಆಗಿ ವರ್ಗ ಬಂದ ಮೇಲೆ ಎಲ್ಲರೂ ನಗದು ಪುಸ್ತಕ, ದಾಸ್ತಾನು ವಹಿ ನೋಡಿಕೊಳ್ಳುತ್ತಾರೆ. ಕೀಗಳನ್ನು ಕೊನೆಗೆ ಕೈಗೆ ಸುರಿಯುತ್ತಾರೆ. ಹಾಗೆ ಮಾಡಬೇಡಿ. ಚಾರ್ಜ್ ಪಟ್ಟಿಗೆ ಕೀ ಪಟ್ಟಿಯನ್ನೂ ಸೇರಿಸಿ. ಹೊಸಬರ ಜೊತೆ ಮತ್ತೆ ಗೇಟಿನಿಂದ ಬಲಗಡೆಗೆ ಸುತ್ತು ಹಾಕಿ, ಪ್ರತಿ ಬೀಗವನ್ನೂ ಅವರ ಕೈಯಿಂದಲೇ ತೆಗೆಸಿ, ಹಾಕಿಸಿ, ಸಾಲಿಗೊಂದು ಸಹಿ ತೆಗೆದುಕೊಳ್ಳಿ. ಲಕೋಟೆ ಇರುವ ಮನೆಗೂ ಕರೆದುಕೊಂಡು ಹೋಗಿ, ಹಳೆಯ ಲಕೋಟೆ ಒಡೆದು, ಹೊಸ ಸಹಿಯ ಜೊತೆ ಮತ್ತೆ ಮುದ್ರೆ ಹಾಕಿ. ಇದಕ್ಕೆ ಅರ್ಧ ದಿನ ಬೇಕು. ಬೀಳ್ಕೊಡುಗೆಯ ದಿನವೇ ಇದನ್ನೂ ಇಟ್ಟುಕೊಳ್ಳಬೇಡಿ. ಕೊರಳಿಗೆ ಹಾರ, ಹೆಗಲಿಗೆ ಶಾಲು ಹಾಕಿಕೊಂಡು ಸಂಪಿನ ಬೀಗಕ್ಕೆ ಬಗ್ಗೋಕಾಗಲ್ಲ.